ನಳದ ನೀರಿಗೂ ಒಂದು ಲೆಕ್ಕಪತ್ರ ಬೇಕು

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ‘ನೀರು ಬಂತು’ ಎಂದು ಯಾರೂ ಹೇಳುವುದಿಲ್ಲ, ‘ನಳ ಬಂತು’ ಎನ್ನುತ್ತಾರೆ. ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ದಾಟಿ, ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಂದಾಗ ಓಣಿಯ ತುದಿಯಿಂದ ಆ ಕೂಗು ಏಳುತ್ತಿತ್ತು. ಕೊಡ, ಹಂಡೆ, ಬಕೆಟ್ಟುಗಳ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಈಗ ಹದಿನಾಲ್ಕು ವರ್ಷಗಳಿಂದ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿದ್ದೇನೆ. ಇಲ್ಲಿ ನಳ ಬರುವುದೂ ಇಲ್ಲ, ಹೋಗುವುದೂ ಇಲ್ಲ. ತಿರುಗಿಸಿದಾಗ ನೀರು ಇರುತ್ತದೆ, ಅಷ್ಟೇ.

ಹಾಗಿದ್ದೂ ಮೊದಲ ಎರಡು ವರ್ಷ ನಾನು ಆ ನೀರನ್ನು ಕುಡಿಯಲಿಲ್ಲ. ಶನಿವಾರ ಶನಿವಾರ ಇಪ್ಪತ್ನಾಲ್ಕು ಬಾಟಲಿಗಳ ಕಟ್ಟನ್ನು ಹೊತ್ತು ಮೂರು ಮಹಡಿ ಹತ್ತುತ್ತಿದ್ದೆ. ನಳದ ನೀರನ್ನು ಹಾಗೆಯೇ ಕುಡಿಯಬಾರದು ಎಂಬುದು ನನಗೆ ಯಾರೂ ಕಲಿಸದೆಯೇ ಬಂದ ಪಾಠ. ಅದನ್ನು ಬಿಡಿಸಿದ್ದು ಅಂಚೆಯಲ್ಲಿ ಬಂದ ಒಂದು ಕಾಗದ.

ಅಮೆರಿಕದಲ್ಲಿ ಕುಡಿಯುವ ನೀರಿನ ಕಾನೂನು ಬಂದದ್ದು 1974ರಲ್ಲಿ. ಅದಕ್ಕೆ 1996ರಲ್ಲಿ ಆದ ತಿದ್ದುಪಡಿಯ ಪ್ರಕಾರ ಊರಿಗೆ ನೀರು ಕೊಡುವವರು ಪ್ರತಿ ವರ್ಷ ಗ್ರಾಹಕರಿಗೆ ಒಂದು ವರದಿ ಕೊಡಲೇಬೇಕು. ನೀರು ಯಾವ ಜಲಾಶಯದ್ದು, ಅದರಲ್ಲಿ ಏನೇನು ಸಿಕ್ಕಿತು, ಎಷ್ಟು ಸಿಕ್ಕಿತು, ಮಿತಿ ಎಷ್ಟು, ಮಿತಿ ಮೀರಿದ್ದರೆ ಯಾಕೆ ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದಿನ ವರ್ಷದ ಲೆಕ್ಕ ಜುಲೈ 1ರೊಳಗೆ ನಮ್ಮ ಕೈ ಸೇರಬೇಕು. ಈಗೀಗ ಅದು ಇಂಟರ್ನೆಟ್ಟಿನ ಕೊಂಡಿಯಾಗಿಯೂ ಬರುತ್ತದೆ. ನನಗೆ ಬಂದ ಮೊದಲ ವರದಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೂವರೆ ಗಂಟೆ ಓದಿದೆ. ಪಕ್ಕದಲ್ಲಿ ಬಾಟಲಿ ಇತ್ತು. ಅದರ ಚೀಟಿಯ ಮೇಲೆ ಬೆಟ್ಟದ ಚಿತ್ರವಿತ್ತು, ಇಂಥ ಲೆಕ್ಕ ಯಾವುದೂ ಇರಲಿಲ್ಲ. ಬಾಟಲಿ ನೀರು ಇಲ್ಲಿ ಬೇರೆ ಇಲಾಖೆಯ, ಅಂದರೆ ಆಹಾರ ಮತ್ತು ಔಷಧ ಆಡಳಿತದ ಸುಪರ್ದಿಯಲ್ಲಿದೆ. ಹೀಗೆ ವರ್ಷಕ್ಕೊಮ್ಮೆ ಕೊಳ್ಳುವವನಿಗೆ ಲೆಕ್ಕ ಒಪ್ಪಿಸಬೇಕಾದ ಕಟ್ಟುಪಾಡು ಅದಕ್ಕಿಲ್ಲ.

ನಾನಿರುವ ಊರಿಗೆ ಈ ವಿಷಯದಲ್ಲಿ ಒಂದು ಚರಿತ್ರೆಯೇ ಇದೆ. ಅಮೆರಿಕದಲ್ಲಿ ಊರಿನ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸುವುದು ಮೊದಲಾದದ್ದು ಇದೇ ಜೆರ್ಸಿ ಸಿಟಿಗಾಗಿ, 1908ರಲ್ಲಿ, ಬೂಂಟನ್ ಜಲಾಶಯದ ನೀರಿಗೆ. ಹಾಗೆ ಮಾಡಿಸಿದವರು ಜಾನ್ ಲೀಲ್ ಎಂಬ ವೈದ್ಯರು. ನೀರಿಗೆ ಬ್ಲೀಚಿಂಗ್ ಪುಡಿ ಹಾಕುವುದೇ ಎಂದು ವಿಷಯ ನ್ಯಾಯಾಲಯದ ಕಟ್ಟೆ ಹತ್ತಿ, ಕೊನೆಗೆ ಅವರ ವಾದವೇ ಗೆದ್ದಿತು. ನಳದ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದಾಗ ನನಗೆ ಈಗ ಬೇಸರವಾಗುವುದಿಲ್ಲ. ಕೊಳವೆಯುದ್ದಕ್ಕೂ ಅದು ಕಾವಲಿದ್ದು ಬಂದಿದೆ ಎಂದುಕೊಳ್ಳುತ್ತೇನೆ. ಹೂಜಿಯಲ್ಲಿ ತುಂಬಿ ರಾತ್ರಿ ತೆರೆದಿಟ್ಟರೆ ಬೆಳಿಗ್ಗೆ ವಾಸನೆ ಹೋಗಿರುತ್ತದೆ.

ಇದನ್ನು ಓದಿ ‘ವಿದೇಶದ ನಳ ಅಮೃತ’ ಎಂದು ಯಾರೂ ತಿಳಿಯಬಾರದು. ನಮ್ಮ ಪಕ್ಕದ ಊರು ನೆವಾರ್ಕ್‌ನಲ್ಲಿ ರಸ್ತೆಯ ದೊಡ್ಡ ಕೊಳವೆಯಿಂದ ಮನೆಗೆ ಬರುವ ಹಳೆಯ ಸಂಪರ್ಕದ ಕೊಳವೆಗಳು ಸೀಸದವಾಗಿದ್ದವು. ಜಲಾಶಯದ ನೀರಿನಲ್ಲಿ ಸೀಸವಿರಲಿಲ್ಲ, ಕೊನೆಯ ಕೆಲವು ಮಾರು ದೂರದಲ್ಲಿ ಸೇರಿಕೊಳ್ಳುತ್ತಿತ್ತು. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆಯಿದ್ದರೂ ಕೆಡುಕೇ. ಮನೆಮನೆಗೆ ಫಿಲ್ಟರ್ ಹಂಚಿದರು. ಅವು ಕೆಲವು ಮನೆಗಳಲ್ಲಿ ಸಾಲದೆ ಬಂದವೆಂದು 2019ರ ಆಗಸ್ಟ್‌ನಲ್ಲಿ ಬಾಟಲಿ ನೀರು ಹಂಚತೊಡಗಿದರು. ಆ ಬಾಟಲಿಗಳಲ್ಲಿ ಕೆಲವುಗಳ ಮೇಲಿನ ದಿನಾಂಕ ಮೀರಿದೆ ಎಂದು ಹಂಚಿಕೆಯನ್ನು ನಡುವೆ ನಿಲ್ಲಿಸಬೇಕಾಯಿತು. ಬಿಸಿಲಲ್ಲಿ ಸಾಲು ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಬ್ಬ ತಾಯಿ ಮಗುವಿನ ತಳ್ಳುಗಾಡಿಯಲ್ಲಿ ಮಗುವಿನ ಕಾಲಬಳಿ ಬಾಟಲಿ ಜೋಡಿಸಿಕೊಳ್ಳುತ್ತಿದ್ದಳು. ಆದರೆ ಆ ಊರು ಬಾಟಲಿಗೆ ನಿಲ್ಲಲಿಲ್ಲ. ಮೂರು ವರ್ಷದೊಳಗೆ ಸುಮಾರು 23,000 ಸೀಸದ ಕೊಳವೆಗಳನ್ನು ಅಗೆದು ತೆಗೆದು, ಮನೆಯವರಿಂದ ಹಣ ಪಡೆಯದೆ ತಾಮ್ರದ ಕೊಳವೆ ಹಾಕಿದರು. ಹತ್ತು ವರ್ಷದಲ್ಲಿ ರಾಜ್ಯದ ಎಲ್ಲ ಸೀಸದ ಸಂಪರ್ಕಗಳೂ ಹೋಗಬೇಕು ಎಂದು ನ್ಯೂಜೆರ್ಸಿ 2021ರಲ್ಲಿ ಕಾನೂನನ್ನೇ ಮಾಡಿತು.

ನಮ್ಮದೂ ಹಳೆಯ ಕಟ್ಟಡ. ಹಾಗಾಗಿ ಅಡುಗೆಗೆ ಬಿಸಿನೀರಿನ ನಳ ತಿರುಗಿಸುವುದಿಲ್ಲ, ಬಿಸಿನೀರು ಸೀಸವನ್ನು ಹೆಚ್ಚು ಕರಗಿಸಿಕೊಂಡು ಬರುತ್ತದೆ. ಕುದಿಸಿದರೂ ಸೀಸ ಹೋಗುವುದಿಲ್ಲ. ಒಂದು ಹೂಜಿ ಫಿಲ್ಟರ್ ಇಟ್ಟಿದ್ದೇನೆ. ಕೊಳ್ಳುವಾಗ ಅದರ ಮೇಲೆ ಇಲ್ಲಿನ ಫಿಲ್ಟರ್ ಮಾನದಂಡದ 53 ಎಂಬ ಸಂಖ್ಯೆ ಇದೆಯೇ, ಸೀಸ ತೆಗೆಯುತ್ತದೆಂದು ಬರೆದಿದೆಯೇ ಎಂದು ನೋಡಿಕೊಂಡೆ. 42 ಎಂದಷ್ಟೇ ಇದ್ದರೆ ಅದು ರುಚಿ ಮತ್ತು ಕ್ಲೋರಿನ್ ವಾಸನೆಯ ಮಟ್ಟಿಗೆ ಸರಿ. ಅಂಗಡಿಯ ಕಪಾಟಿನಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ, ನೋಟಕ್ಕೆ ಒಂದೇ.

ಇನ್ನು ನಮ್ಮ ಊರಿನ ಕಡೆ ಬರುತ್ತೇನೆ, ನನ್ನ ಸಿಟ್ಟಿರುವುದೂ ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ಆರ್‌ಒ ಯಂತ್ರ ಮಾರುವ ಹುಡುಗನೊಬ್ಬ ಮನೆಗೆ ಬಂದ. ಎರಡು ಗಾಜಿನ ಲೋಟ ಕೇಳಿ ಪಡೆದು, ಒಂದಕ್ಕೆ ನಮ್ಮ ನಳದ ನೀರು, ಇನ್ನೊಂದಕ್ಕೆ ತಾನು ತಂದ ಯಂತ್ರದ ನೀರು ಸುರಿದ. ಲೋಹದ ಕಡ್ಡಿಗಳಿದ್ದ ಒಂದು ಉಪಕರಣವನ್ನು ಎರಡರಲ್ಲೂ ಇಳಿಸಿ ಪ್ಲಗ್ ಹಾಕಿದ. ಅರೆ ನಿಮಿಷದಲ್ಲಿ ನಳದ ನೀರು ಹಳದಿಯಾಯಿತು, ಆಮೇಲೆ ತುಕ್ಕಿನ ಬಣ್ಣ, ಮೇಲೆ ಕೊಳಕು ನೊರೆ. ಅವನ ನೀರು ಹಾಗೆಯೇ ತಿಳಿಯಾಗಿತ್ತು. “ನೋಡಿರಿ ಅಮ್ಮಾ, ಇದನ್ನೇ ನೀವು ದಿನಾ ಕುಡಿಯುತ್ತಿರುವುದು” ಎಂದ. ಅವ್ವ ಸೆರಗನ್ನು ಬಾಯಿಗೆ ಹಿಡಿದಳು.

ನಾನು ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ತಿಳಿ ನೀರಿಗೆ ಹಾಕಿದೆ. ಅದೂ ತುಕ್ಕಿನ ಬಣ್ಣಕ್ಕೆ ತಿರುಗಿತು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿಯೇ ಸವೆದು ತುಕ್ಕಾಗಿ ನೀರಿಗಿಳಿಯುತ್ತದೆ. ಅದು ಕಡ್ಡಿಯ ಕೊಳೆ, ನೀರಿನದಲ್ಲ. ಹುಡುಗ ತಲೆತಗ್ಗಿಸಿ ಕಡ್ಡಿ ಒರೆಸಿಕೊಂಡ. ಹೊರಡುವಾಗ ಅವ್ವನಿಗೆ, “ನಿಮ್ಮ ಮಗ ಅಮೆರಿಕಕ್ಕೆ ಹೋಗುತ್ತಾರೆ, ಕುಡಿಯುವವರು ನೀವಲ್ಲವೇ” ಎಂದು ಹೇಳಿ ಹೋದ. ನಾನು ವಿಮಾನ ಹತ್ತಿದ ಮರುವಾರ ಯಂತ್ರ ಗೋಡೆಗೆ ಬಂತು. ಅವ್ವನ ಮೇಲೆ ನನಗೆ ಕೋಪವಿಲ್ಲ. ತನ್ನ ನೀರಿನಲ್ಲಿ ಏನಿದೆ ಎಂದು ಎಪ್ಪತ್ತು ವರ್ಷಗಳಲ್ಲಿ ಅವಳ ಮನೆಗೆ ಬಂದು ಹೇಳಿದ ಮೊದಲ ಮನುಷ್ಯ ಆ ಹುಡುಗ. ಅವನು ಹೇಳಿದ್ದು ಸುಳ್ಳು ಎಂಬುದೇ ಸಂಕಟ.

ಮುಂದಿನ ರಜೆಯಲ್ಲಿ ಆ ಯಂತ್ರದ ಹೊರಕೊಳವೆಯ ಕೆಳಗೆ ಪಾತ್ರೆ ಹಿಡಿದು ಅಳೆದೆ. ಒಂದು ತಂಬಿಗೆ ಕುಡಿಯುವ ನೀರಿಗೆ ಹೆಚ್ಚುಕಡಿಮೆ ಮೂರು ತಂಬಿಗೆ ಮೋರಿ ಪಾಲು. ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ! ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಪೆನ್ನನ್ನೂ ಒಯ್ದಿದ್ದೆ. ನಳದ ನೀರಿನಲ್ಲಿ ಅದು ನೂರೈವತ್ತರ ಆಸುಪಾಸು ತೋರಿಸಿತು. ಭಾರತೀಯ ಮಾನಕ ಬ್ಯೂರೋದ ಮಾನದಂಡದಲ್ಲಿ ಕುಡಿಯುವ ನೀರಿಗೆ ಒಪ್ಪಿತ ಮಟ್ಟ ಲೀಟರಿಗೆ 500 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಆರ್‌ಒ ಮೂಲತಃ ಲವಣ ತೆಗೆಯುವ ಯಂತ್ರ. ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದುಗಟ್ಟುವ ಪಾವಗಡ, ಮುಂಡರಗಿ, ಕೋಲಾರದ ಹಳ್ಳಿಗಳಲ್ಲಿ ಅದು ಬೇಕೇ ಬೇಕು. ಅಲ್ಲಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತರೆ ಅದು ನಿಜವಾದ ಅನ್ಯಾಯ. ಮಲಪ್ರಭೆಯ ನೀರು ಬರುವ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ಹುಬ್ಬಳ್ಳಿಯ ನಳದ ನೀರನ್ನು ಹಾಗೆಯೇ ಕುಡಿಯಬಹುದೇ? ಕೂಡದು. ಆದರೆ ಕಾರಣ ಬೇರೆ, ಆ ಕಾರಣ ನಮ್ಮ ಊರಿನಲ್ಲಿಯೇ ಸಾಬೀತಾಗಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡ್‌ಗಳಿಗೆ ವಿಶ್ವಬ್ಯಾಂಕಿನ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಯೋಜನೆ ಬಂದಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡ್‌ಗಳ ನಳವನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡ್‌ಗಳ ನಳವನ್ನೂ ಹೋಲಿಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಎರಡೂ ಕಡೆ ಶುದ್ಧೀಕರಿಸಿ ಬಿಟ್ಟ ನೀರೇ. ನಿರಂತರ ನೀರಿನ ನಳಗಳಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಸಿಕ್ಕಿದ್ದು ನೂರು ಮಾದರಿಗೆ ಒಂದಕ್ಕಿಂತ ಕಡಿಮೆ. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಸುಮಾರು ಮೂರು ಮಾದರಿಗೆ ಒಂದು. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಬೀಳುತ್ತದೆ, ಸಂದುಗಳಲ್ಲಿ ಸುತ್ತಲಿನ ಚರಂಡಿಯ ತೇವ ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲು ಹೊರಬರುತ್ತದೆ. ಅದಕ್ಕೇ ಆ ಮೊದಲ ನೀರು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಅಜ್ಜಿ ನಳ ಬಂದಾಗ ಮೊದಲ ನಾಲ್ಕು ಬಕೆಟ್ಟು ಬಚ್ಚಲಿಗೆ, ಗಿಡಕ್ಕೆ ಎಂದು ಎತ್ತಿಡುತ್ತಿದ್ದಳು. “ಮುಂದಿನ ನೀರು ಕುಡಿಯಬಾರದು, ಹಿಂದಿನ ನೀರು ಕುಡಿಯಬೇಕು” ಎನ್ನುತ್ತಿದ್ದಳು. ಅವಳಿಗೆ ಇ. ಕೋಲಿ ಗೊತ್ತಿರಲಿಲ್ಲ, ನೀರು ಗೊತ್ತಿತ್ತು.

ಆ ಹೋಲಿಕೆ ನನಗೆ ಮುಖ್ಯವಾಗಿ ಕಾಣುವುದು ಇದಕ್ಕೆ. ಜೆರ್ಸಿ ಸಿಟಿಯ ನೀರು ಕುಡಿಯಲು ಯೋಗ್ಯ, ಹುಬ್ಬಳ್ಳಿಯದು ಅಲ್ಲ ಎನ್ನುವುದಕ್ಕೆ ದೇಶ, ಜನ, ಸಂಸ್ಕೃತಿ ಯಾವುದೂ ಕಾರಣವಲ್ಲ. ಕೊಳವೆಯಲ್ಲಿ ಒತ್ತಡ ಸದಾ ಇದ್ದಲ್ಲಿ ಹುಬ್ಬಳ್ಳಿಯ ನಳವೇ ಚೊಕ್ಕಟವಾಗಿತ್ತು. ಒಡಿಶಾದ ಪುರಿಯಲ್ಲಿ 2021ರಿಂದ ನಳದಿಂದಲೇ ಕುಡಿಯುವ ನೀರು ಕೊಡುತ್ತಿದ್ದಾರೆ. ಕೈಲಾಗದ ಕೆಲಸವಲ್ಲ ಇದು.

ಆದರೆ ಕೇಳುವವರು ಯಾರು? ಕೈಯಲ್ಲಿ ನಾಲ್ಕು ಕಾಸಿದ್ದವರು ಒಬ್ಬೊಬ್ಬರಾಗಿ ಸಾಲಿನಿಂದ ಹೊರಗೆ ನಡೆದಿದ್ದೇವೆ. ಮೊದಲು ಕ್ಯಾಂಡಲ್ ಫಿಲ್ಟರ್, ಆಮೇಲೆ 20 ಲೀಟರಿನ ಕ್ಯಾನು, ಆಮೇಲೆ ಆರ್‌ಒ, ಪ್ರವಾಸಕ್ಕೆ ಹೋದರೆ ಬಾಟಲಿ. ಕ್ಯಾನು ಎಷ್ಟು ಮನೆ ಸುತ್ತಿ ಬಂದಿದೆ, ತೊಳೆದರೋ ಇಲ್ಲವೋ, ಬಿಸಿಲಲ್ಲಿ ಎಷ್ಟು ಹೊತ್ತು ಗಾಡಿಯಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಬಾಟಲಿಯ ಲೀಟರ್ ನೀರಿನಲ್ಲಿ ಸರಾಸರಿ 2,40,000ದಷ್ಟು ಪ್ಲಾಸ್ಟಿಕ್ ಕಣಗಳಿವೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ತೋರಿಸಿದರು, ಬಹುಪಾಲು ನ್ಯಾನೋ ಗಾತ್ರದವು. ಹಣ ಕೊಟ್ಟದ್ದೇ ಶುದ್ಧ ಎಂಬ ನಂಬಿಕೆ ಅದರಿಂದಲೂ ಅಲುಗಲಿಲ್ಲ. ಸಾಲಿನಲ್ಲಿ ಉಳಿದವರು ಕೊಡ ಹಿಡಿದು ನಿಂತ ಹೆಂಗಸರು, ಅವರ ದೂರು ಎಲ್ಲಿಗೂ ಮುಟ್ಟುವುದಿಲ್ಲ. ನೆವಾರ್ಕ್‌ನಲ್ಲಿ ಕೊಳವೆ ಅಗೆದದ್ದು ಜನ ಲೆಕ್ಕ ಕೇಳಿದ್ದಕ್ಕೆ. ಅಂಕಿ ಅವರ ಕೈಯಲ್ಲಿತ್ತು.

ಹಾಗಾಗಿ ಯಾವ ಯಂತ್ರ ಕೊಳ್ಳಲಿ ಎಂದು ಊರಿನ ಗೆಳೆಯರು ಕೇಳಿದಾಗ ನಾನು ಯಂತ್ರದ ಹೆಸರು ಹೇಳುವುದಿಲ್ಲ, ಮೊದಲು ನೀರನ್ನು ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಜಿಲ್ಲೆಗಳಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಹೋದ ವರ್ಷ ನಾನೇ ಅವ್ವನ ಮನೆಯಿಂದ ಎರಡು ಮಾದರಿ ಒಯ್ದೆ. ಅವರೇ ಕೊಟ್ಟ ಸೀಸೆ. ನಳದ ಬಾಯಿಯನ್ನು ಬೆಂಕಿಯಿಂದ ಕಾಯಿಸಿ, ನೀರನ್ನು ಒಂದಷ್ಟು ಹೊತ್ತು ಹರಿಯಬಿಟ್ಟು, ಬೆರಳು ತಾಗದಂತೆ ಹಿಡಿದು, ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಅದೇ ದಿನ ಮುಟ್ಟಿಸಿದೆ. ಒಂದು ಬೀದಿ ನಳದ ಹಿಂದಿನ ನೀರು, ಇನ್ನೊಂದು ನಮ್ಮ ಸಂಪಿನದು. ಬೀದಿ ನಳದ್ದು ಅಂದು ಸರಿಯಿತ್ತು. ಸಂಪಿನದರಲ್ಲಿ ಇ. ಕೋಲಿ ಇತ್ತು.

ನಾವು ಇಷ್ಟು ವರ್ಷ ಊರಿನ ನಳವನ್ನು ಬೈಯುತ್ತಿದ್ದೆವು. ಬಿರುಕು ನಮ್ಮ ಸಂಪಿನ ಗೋಡೆಯಲ್ಲೂ ಇತ್ತು, ಶೌಚದ ಗುಂಡಿಯಿಂದ ಎಂಟು ಅಡಿ ದೂರದಲ್ಲಿ. ಸಂಪನ್ನು ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ಕ್ಲೋರಿನ್ ಹಾಕಿ ತೊಳೆಸಿದೆ. ಆರ್‌ಒ ಯಂತ್ರದ ಪ್ಲಗ್ ಕಿತ್ತು, ಗುಳುಗುಳು ಕುದಿಸಿ ಆರಿಸಿದ ನೀರನ್ನು ಮುಚ್ಚಳದ ಕೊಡದಲ್ಲಿಡುವ ಹಳೆಯ ಪದ್ಧತಿಗೆ ಅವ್ವ ಮರಳಿದ್ದಾಳೆ. ಪ್ರಯೋಗಾಲಯದ ಆ ಎರಡು ಹಾಳೆಗಳನ್ನು ಪ್ಲಾಸ್ಟಿಕ್ ಹೊದಿಸಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದಾಳೆ. ಕಳೆದ ತಿಂಗಳು ಫೋನಿನಲ್ಲಿ, ಓಣಿಯ ಏಳು ಮನೆಯವರು ಆ ಹಾಳೆ ನೋಡಿ ಹೋದರು, ತಮ್ಮದೂ ಮಾಡಿಸಬೇಕು, ಸೀಸೆ ಎಲ್ಲಿ ಕೊಡುತ್ತಾರೆ ಎಂದು ಕೇಳಿದರು ಎಂದಳು. ವಿಳಾಸ ಬರೆದು ಕಳಿಸಿದ್ದೇನೆ.