ಹಳೇ ಆಟೋಮ್ಯಾಟಿಕ್ ಪ್ರೆಸ್ ತರಬಹುದಾ? ಪರ-ವಿರೋಧ

ಜಾಲರಿ ಬಿಗಿದ ಫ್ರೇಮಿನ ಮೂಲಕ ಇಂಕು ಎಳೆದು (ಸ್ಕ್ರೀನ್ ಪ್ರಿಂಟಿಂಗ್) ಕೈಯಲ್ಲಿ ಟೀಶರ್ಟ್ ಪ್ರಿಂಟ್ ಮಾಡುತ್ತಿರುವ ಸಣ್ಣ ಶೆಡ್‌ನವರು ಮುಂದಿನ ಹೆಜ್ಜೆಗೆ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಯಂತ್ರ ಕೊಳ್ಳಬಹುದೇ? ಬೆಂಗಳೂರಿನ ಇಬ್ಬರನ್ನು ಕೇಳಿದೆವು.

ಪರ: ತಮ್ಮನ ಮಣಿಕಟ್ಟಿನ ಲೆಕ್ಕ
(ಲಗ್ಗೆರೆಯಲ್ಲಿ ಪ್ರಿಂಟಿಂಗ್ ಶೆಡ್ ನಡೆಸುವವರು)

ರಾಜ್ಯೋತ್ಸವದ ಟೀಶರ್ಟನ್ನು ನವೆಂಬರ್ 3ಕ್ಕೆ ಕೊಟ್ಟವನು ನಾನು. ಆರ್ಡರ್ ಕೊಟ್ಟ ಸಂಘದವರು ಏನೂ ಬೈಯಲಿಲ್ಲ. ಸುಮ್ನೆ ಬಾಕ್ಸ್ ತೆರೆದು ನೋಡಿ, ಮುಚ್ಚಿ, "ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ ಬಿಡಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

1,200 ಪೀಸ್ ಆರ್ಡರ್ ಅದು. ಕೆಂಪು ಬಟ್ಟೆ, ಎದೆಯ ಮೇಲೆ ಹಳದಿಯಲ್ಲಿ ಕರ್ನಾಟಕದ ನಕ್ಷೆ, ಅದರ ಕೆಳಗೆ ಬಿಳಿ ಅಕ್ಷರ. ಕೇಳಿದರೆ ಎರಡೇ ಬಣ್ಣ. ಆದರೆ ಕೆಂಪಿನ ಮೇಲೆ ಹಳದಿಯನ್ನು ನೇರವಾಗಿ ಎಳೆದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಕಿತ್ತಳೆಗೆ ತಿರುಗುತ್ತದೆ. ಮೊದಲು ಅಡಿಪದರವಾಗಿ ಬಿಳಿ ಅಂಡರ್‌ಬೇಸ್ ಹಾಕಬೇಕು. ಆಮೇಲೆ ಫ್ಲ್ಯಾಷ್ ಹೀಟರ್ ಹಿಡಿದು ಅರೆಬರೆ ಒಣಗಿಸಬೇಕು. ಅದರ ಮೇಲೆ ಹಳದಿ, ಕೊನೆಗೆ ಬಿಳಿ. ಬಿಳಿ ಪ್ಲಾಸ್ಟಿಸಾಲ್ (ಬಿಸಿ ಕೊಟ್ಟರಷ್ಟೇ ಗಟ್ಟಿಯಾಗುವ) ಇಂಕು ಎಷ್ಟು ಅಂಟು ಅಂದರೆ ಒಂದು ಎಳೆತಕ್ಕೆ ಬಟ್ಟೆ ಮುಚ್ಚುವುದೇ ಇಲ್ಲ, ಎರಡು ಸಲ ಎಳೆಯಬೇಕು. ಒಂದು ಪೀಸಿಗೆ ಐದು ಎಳೆತ ಅಂತ ಇಟ್ಟುಕೊಳ್ಳಿ. 1,200 ಪೀಸಿಗೆ 6,000.

ನಾನು, ತಮ್ಮ, ಇಬ್ಬರು ಹುಡುಗರು. ಗಂಟೆಗೆ 40 ಪೀಸ್ ದಾಟಲಿಲ್ಲ. ಎರಡನೇ ದಿನ ತಮ್ಮನ ಮಣಿಕಟ್ಟು ಊದಿಕೊಂಡಿತು. ಸ್ಕ್ವೀಜಿ (ಇಂಕು ಎಳೆಯುವ ರಬ್ಬರ್ ಪಟ್ಟಿ) ಮೇಲೆ ಬೀಳುವ ಒತ್ತಡ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಬೆಳಗಿನ ನಕ್ಷೆ ಅರಿಶಿನದ ಬಣ್ಣ, ಸಂಜೆಯದು ಕಡಲೆಹಿಟ್ಟಿನ ಬಣ್ಣ. ಎರಡನ್ನೂ ಒಂದೇ ಬಾಕ್ಸಿಗೆ ಹಾಕಿದೆವು. ಏನು ಮಾಡೋದು?

ಮುಂದಿನ ವರ್ಷ ತಿರುಪ್ಪೂರಿಗೆ ಹೋಗಿ ಆರು ಬಣ್ಣ, ಎಂಟು ಸ್ಟೇಷನ್ (ಬಟ್ಟೆ ನಿಲ್ಲುವ ಜಾಗ) ಇರುವ ಹಳೇ ಆಟೋಮ್ಯಾಟಿಕ್ ತಂದೆ. ಅಂಡಾಕಾರದ ದೊಡ್ಡ ಓವಲ್ ಯಂತ್ರಕ್ಕೆ ಹೋಗುತ್ತಿದ್ದ ಯೂನಿಟ್‌ನವರು ಜಾಗ ಖಾಲಿ ಮಾಡಲು ಮಾರಿದ್ದು. ಹೊಸದರ ಮೂರನೇ ಒಂದು ಭಾಗ ಬೆಲೆ. ಯಂತ್ರದ ಮೇಲೆ ಬರೆದಿರುವ ವೇಗವನ್ನು ನಂಬಬೇಡಿ, ಅದು ಬಟ್ಟೆ ಇಲ್ಲದೆ ತಿರುಗಿದಾಗಿನ ಮಾತು. ಹಾಕುವವರ, ತೆಗೆಯುವವರ ಕೈ ಎಷ್ಟು ಬೇಗವೋ ಯಂತ್ರವೂ ಅಷ್ಟೇ ಬೇಗ. ನಮ್ಮ ಶೆಡ್ಡಿನಲ್ಲಿ ಗಂಟೆಗೆ 300 ಆರಾಮಾಗಿ ಬರುತ್ತದೆ. ಮುಖ್ಯ ಏನೆಂದರೆ ಮೊದಲನೇ ಪೀಸಿನ ಹಳದಿ, 1,200ನೇ ಪೀಸಿನ ಹಳದಿ ಒಂದೇ. ಇಲ್ಲಿ ಸ್ಕ್ವೀಜಿ ಒತ್ತುವುದು ಕಂಪ್ರೆಸರಿನ ಗಾಳಿ, ಅದರ ಒತ್ತಡಕ್ಕೆ ಸುಸ್ತಾಗುವುದಿಲ್ಲ. ತಮ್ಮ ಈಗ ಬಟ್ಟೆ ಹಾಕುತ್ತಾ ಫೋನಿನಲ್ಲಿ ಮಾತಾಡುತ್ತಾನೆ. ಅದೊಂದು ಬೇರೆ ತಲೆನೋವು.

ಹಳೆಯದೆಲ್ಲ ಗುಜರಿ ಅನ್ನುವವರಿದ್ದಾರೆ. ಅವರ ಮಾತು ಕೇಳಿದರೆ ಅರ್ಧ ಪೀಣ್ಯಕ್ಕೆ ಬೀಗ ಹಾಕಬೇಕು. ಅಲ್ಲಿ ನಲವತ್ತು ವರ್ಷದ ಎಚ್‌ಎಂಟಿ ಲೇತ್‌ಗಳು ಇನ್ನೂ ತಿರುಗುತ್ತಿವೆ. ನಮ್ಮ ಯಂತ್ರದ ಮೂಲ ಉಪಾಯವೂ ಹಳೆಯದೇ. ಅಮೆರಿಕದ ಮೈಕೆಲ್ ವಾಸಿಲಾಂಟೋನ್ ಎಂಬುವರು ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಪಿನ್ ಕೆಡವುವ ಆಟ) ಆಡುವವರ ಅಂಗಿಗಳಿಗಾಗಿ ತಿರುಗುವ ಪ್ರೆಸ್ ಕಟ್ಟಿದ್ದು 1960ರಲ್ಲಿ, ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಬಟ್ಟೆ ಸುತ್ತ ತಿರುಗುತ್ತದೆ, ಹೆಡ್ (ಫ್ರೇಮು, ಸ್ಕ್ವೀಜಿ ಇರುವ ಭಾಗ) ನಿಂತಲ್ಲೇ ನಿಂತು ಪ್ರಿಂಟ್ ಹೊಡೆಯುತ್ತದೆ. ಇದರಲ್ಲಿ ಹಳತಾಗಲು ಏನಿದೆ?

ಸ್ಪೇರ್ ಸಿಗಲ್ಲ ಅನ್ನುತ್ತಾರೆ. ಒಳಗಿರುವ ಗಾಳಿ ಸಿಲಿಂಡರ್, ವಾಲ್ವ್‌ಗಳು ಫೆಸ್ಟೊ, ಎಸ್‌ಎಂಸಿ ಥರದ ಕಂಪನಿಗಳವು. ಬೆಂಗಳೂರಿನಲ್ಲೇ ಸಿಗುತ್ತವೆ. ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಹೋದಾಗ ನೋಡೋಣ. ನನ್ನದು ಇನ್ನೂ ಹೋಗಿಲ್ಲ.

ಇನ್ನು ಡಿಟಿಎಫ್, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ಹೊಡೆದು ಬಿಸಿಯಲ್ಲಿ ಬಟ್ಟೆಗೆ ಅಂಟಿಸುವುದು. ಹತ್ತು ಪೀಸಿಗೆ ಅದೇ ಸರಿ, ನಾನೂ ಹೊರಗೆ ಮಾಡಿಸುತ್ತೇನೆ. ಆದರೆ ನಕ್ಷೆಯಷ್ಟು ದೊಡ್ಡ ಡಿಸೈನನ್ನು ಸ್ಟಿಕರ್ ಥರ ಎದೆಗೆ ಅಂಟಿಸಿಕೊಂಡು ಮೆರವಣಿಗೆಯಲ್ಲಿ ಎರಡು ಕಿಲೋಮೀಟರ್ ನಡೆದು ನೋಡಿ, ಬೆವರು ಹೇಳುತ್ತದೆ.

ಖರ್ಚು ಯಂತ್ರದ ಬೆಲೆಗೇ ಮುಗಿಯಲಿಲ್ಲ, ನಿಜ. ಏಳೂವರೆ ಎಚ್‌ಪಿ ಕಂಪ್ರೆಸರ್, ಗಾಳಿಯ ತೇವ ತೆಗೆಯಲು ಏರ್ ಡ್ರೈಯರ್, ಮೀಟರಿನ ಲೋಡ್ ಜಾಸ್ತಿ ಮಾಡಿಸಿದ್ದು. ಹಳೇ 20-24 ಇಂಚಿನ ಫ್ರೇಮುಗಳು ಇದಕ್ಕೆ ಕೂರಲಿಲ್ಲ, 23-31 ಬೇಕಾಯಿತು. ಫ್ರೇಮ್ ದೊಡ್ಡದಾದ ಮೇಲೆ, ಬೆಳಕಿನಿಂದ ಅದಕ್ಕೆ ಡಿಸೈನ್ ಮೂಡಿಸುವ ಎಕ್ಸ್‌ಪೋಸಿಂಗ್ ಯೂನಿಟ್ಟೂ ದೊಡ್ಡದು ಬೇಕಾಯಿತು. ಬಾಗಿಲ ಚೌಕಟ್ಟನ್ನೂ ಒಡೆಸಿದೆ. ಇದೆಲ್ಲ ಸೇರಿಸಿದರೂ ಹೊಸದಕ್ಕಿಂತ ಕಡಿಮೆ. ಅಷ್ಟು ಸಾಕು.

ಆ ಸಂಘದವರು ಮತ್ತೆ ಬಂದರು. ಈ ಸಲ 2,000 ಪೀಸ್. ಅಕ್ಟೋಬರ್ 25ಕ್ಕೇ ಕೊಟ್ಟೆ. ಕಳೆದ ವರ್ಷದ ಬಾಕಿ ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವಿರೋಧ: ಪ್ಯಾಲೆಟ್ ಮೇಲಿನ ಹಪ್ಪಳ
(ಪ್ರಿಂಟಿಂಗ್ ಯಂತ್ರಗಳ ಸರ್ವಿಸ್ ಮಾಡುವವರು)

ವಿರೋಧ ಬರೆದುಕೊಡಿ ಅಂದರು, ಹ್ಞೂಂ ಅಂದೆ. ಫೋನ್ ಇಟ್ಟ ಮೇಲೆ ಹೊಳೆಯಿತು: ಜನ ಹಳೇ ಯಂತ್ರ ಕೊಳ್ಳುವುದನ್ನು ನಿಲ್ಲಿಸಿದರೆ ನನಗೆ ಕೆಲಸ ಎಲ್ಲಿ? ಹೊಸ ಯಂತ್ರ ತಂದವರು ಕಂಪನಿಯವರನ್ನು ಕರೆಯುತ್ತಾರೆ, ಹಳೆಯದು ತಂದವರು ನನ್ನನ್ನು ಕರೆಯುತ್ತಾರೆ. ಆದರೂ ಮಾತು ಕೊಟ್ಟಾಗಿದೆ.

ಪರ ಬರೆಯುವವರು ಯಾರೋ ಗೊತ್ತಿಲ್ಲ. ಏನು ಬರೆಯುತ್ತಾರೆ ಅಂತ ಗೊತ್ತು. ಸಿಲಿಂಡರ್ ಎಲ್ಲ ಕಡೆ ಸಿಗುತ್ತದೆ ಅಂತ. ಸಿಗುತ್ತದೆ. ಸಿಲಿಂಡರಿಗಾಗಿ ನಿಂತ ಯಂತ್ರವನ್ನು ನಾನು ಸಂಜೆಯೊಳಗೆ ಓಡಿಸುತ್ತೇನೆ. ತಿಂಗಳುಗಟ್ಟಲೆ ನಿಲ್ಲುವುದು ಬೋರ್ಡ್ ಹೋದ ಯಂತ್ರ. ಆ ಬೋರ್ಡನ್ನು ತಯಾರಕರೇ ನಿಲ್ಲಿಸಿರುತ್ತಾರೆ. ವಿದೇಶದಲ್ಲಿ ಇನ್ಯಾರದೋ ಬಿಚ್ಚಿದ ಯಂತ್ರದಿಂದ ತರಿಸಬೇಕು.

ಇನ್ನೊಂದು, ಆರು ಬಣ್ಣ ಅಂದರೆ ಆರು ಬಣ್ಣ ಅಲ್ಲ. ಗಾಢ ಬಟ್ಟೆಗೆ ಅಂಡರ್‌ಬೇಸ್ ಒಂದು ಹೆಡ್ ತಿನ್ನುತ್ತದೆ, ಫ್ಲ್ಯಾಷ್ ಒಂದು, ತಣ್ಣಗಾಗಲು ಒಂದು ಖಾಲಿ. ಉಳಿದದ್ದು ಮೂರು. ಇದು ಹೊಸ ಯಂತ್ರಕ್ಕೂ ಅನ್ವಯಿಸುತ್ತದೆ, ಗೊತ್ತು. ಆದರೆ ಹೊಸದನ್ನು ಆರಿಸುವವರು ಎಷ್ಟು ಹೆಡ್ ಬೇಕು ಅಂತ ಲೆಕ್ಕ ಹಾಕುತ್ತಾರೆ. ಹಳೆಯದನ್ನು ಕೊಳ್ಳುವವರು ಸಿಕ್ಕಿದ್ದಕ್ಕೆ ಹೊಂದಿಕೊಳ್ಳುತ್ತಾರೆ. ಪ್ರಿಂಟ್ ಆದ ಬಟ್ಟೆಯ ಇಂಕು ಕಾಯಿಸಿ ಗಟ್ಟಿ ಮಾಡುವ ಡ್ರೈಯರ್ ಕಥೆಯೂ ಹಾಗೇ. ಯಂತ್ರ ಗಂಟೆಗೆ 300 ಉಗುಳುತ್ತದೆ, ಹಳೇ ಡ್ರೈಯರ್ 120 ನುಂಗುತ್ತದೆ. ಪ್ಲಾಸ್ಟಿಸಾಲ್ ಒಳತನಕ 160 ಡಿಗ್ರಿ ಹತ್ತಿರ ಬಿಸಿಯಾಗಬೇಕು. ಬೆಲ್ಟಿನ ವೇಗ ಜಾಸ್ತಿ ಮಾಡಿ ದೂಡಿದರೆ ಮೂರನೇ ಒಗೆತಕ್ಕೆ ಪ್ರಿಂಟ್ ಬಿರುಕು ಬಿಡುತ್ತದೆ.

ಈಗ ಹಪ್ಪಳದ ವಿಷಯಕ್ಕೆ ಬರುತ್ತೇನೆ. ತುಮಕೂರು ರಸ್ತೆ ಕಡೆಯ ಒಬ್ಬ ಯಜಮಾನರು ಅಮೆರಿಕದಿಂದ ಕಂಟೇನರಿನಲ್ಲಿ ಹಳೇ ಯಂತ್ರ ತರಿಸಿದರು. ನೋಡಿದ್ದು ವಿಡಿಯೋದಲ್ಲಿ. ವಿಡಿಯೋದಲ್ಲಿ ಎಲ್ಲ ಯಂತ್ರವೂ ತಿರುಗುತ್ತದೆ, ಅಲ್ವಾ? ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ವೋಲ್ಟೇಜೂ ಬೇರೆ. ಇವರು ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿ ಮಾಡಿದರು, ಹರ್ಟ್ಸ್ ಕಡೆ ಯಾರೂ ನೋಡಲಿಲ್ಲ. ಮೋಟಾರು ಬಿಸಿಯಾಗತೊಡಗಿತು. ಆಮೇಲೆ ಒಂದು ದಿನ ಕಂಟ್ರೋಲ್ ಬೋರ್ಡೂ ಮಲಗಿತು. ವೈರಿಂಗ್ ಡ್ರಾಯಿಂಗ್ ಕೇಳಿದೆ. ಮಾರಿದವರು ಕಳಿಸಿರಲಿಲ್ಲ, ಇವರು ಕೇಳಿರಲಿಲ್ಲ.

ಎರಡು ತಿಂಗಳ ನಂತರ ಹೋದರೆ, ಟೀಶರ್ಟ್ ಹಾಸುವ ಎಂಟೂ ಪ್ಯಾಲೆಟ್‌ಗಳ ಮೇಲೆ ಬಿಳಿ ಪಂಚೆ ಹಾಸಿ ಹಪ್ಪಳ ಹರಡಿತ್ತು. ಒಂದೊಂದರ ಮೇಲೆ ಆರಾರು. ಯಜಮಾನರ ತಾಯಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. "ಏನಮ್ಮ ಇದು?" ಅಂದೆ. "ತಿರುಗುತ್ತಲ್ಲಪ್ಪ, ಬಿಸಿಲು ಬಂದ ಕಡೆ ತಿರುಗಿಸ್ಕೋತೀನಿ" ಅಂದರು. ಕೈಯಲ್ಲಿ ತಳ್ಳಿ ತೋರಿಸಿದರು. ಮೆತ್ತಗೆ, ಸದ್ದಿಲ್ಲದೆ ತಿರುಗಿತು. ಬೇರಿಂಗ್ ಚೆನ್ನಾಗಿದೆ ಅಂತ ನನಗೆ ಗೊತ್ತಾಗಿದ್ದೇ ಆಗ.

ಕೊಳ್ಳಲೇಬೇಕು ಅನ್ನುವವರು ವಿಡಿಯೋ ನಂಬದೆ ಹೋಗಿ ನಿಂತು ನೋಡಿ. ಗಾಳಿ ಕೊಟ್ಟು ಅರ್ಧ ಗಂಟೆ ಓಡಿಸಿ, ಎಲ್ಲಿ ಹಿಸ್ ಅನ್ನುತ್ತದೆ ಕೇಳಿ. ಒಂದು ಹೆಡ್‌ನಿಂದ ಕೂಡಿಸುವ (+) ಗುರುತು ಹೊಡೆದು, ಇನ್ನೊಂದು ಹೆಡ್‌ನಿಂದ ಅದರ ಮೇಲೇ ಹೊಡೆಯಿರಿ. ಎಂಟೂ ಪ್ಯಾಲೆಟ್ ಮೇಲೆ ಮಾಡಿ. ಒಂದು ಕಡೆ ಮಾತ್ರ ಜರುಗಿದ್ದರೆ ಆ ಪ್ಯಾಲೆಟ್ ಹಿಡಿದ ತೋಳಿನ ತೊಂದರೆ, ರಿಪೇರಿ ಮಾಡಬಹುದು. ಎಂಟೂ ಕಡೆ ಒಂದೊಂದು ಥರ ಜರುಗಿದ್ದರೆ ಕಾಫಿ ಕುಡಿದು ಬಸ್ ಹತ್ತಿ. ಇದು ವಿರೋಧದ ಮಾತಾ ಅಂತ ಕೇಳಬೇಡಿ.

ಆ ಯಂತ್ರಕ್ಕೆ ಕೊನೆಗೆ ಹಳೇ ಬೋರ್ಡ್ ತೆಗೆದು ಅದರ ಕೆಲಸ ಮಾಡುವ ಪಿಎಲ್‌ಸಿ ಹಾಕಿದೆ, ಮೋಟಾರಿಗೆ ಹರ್ಟ್ಸ್ ಹೊಂದಿಸುವ ಡ್ರೈವ್ ಕೂರಿಸಿದೆ. ಈಗ ಓಡುತ್ತಿದೆ. ಹಪ್ಪಳ ತಾರಸಿಗೆ ಹೋಗಿದೆ. ನನ್ನ ಬಿಲ್ಲಿನಲ್ಲಿ ಅರ್ಧ ಇನ್ನೂ ಬಾಕಿ.