ಬರೀ ‘ಚೆನ್ನಾಗಿತ್ತು’ ಅಂದರೆ ಸಾಕೇ?

ಡಿಸೆಂಬರ್ ಬಂತೆಂದರೆ ಅಮೆರಿಕದ ಸಣ್ಣ ಊರುಗಳಲ್ಲೂ ‘ನಟ್‌ಕ್ರ್ಯಾಕರ್’ ಬ್ಯಾಲೆ ಇದ್ದದ್ದೇ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹುಡುಗಿಯೊಬ್ಬಳು ಇಲಿ-ಸೈನಿಕರ ಕಾಳಗ, ಹಿಮ, ಸಿಹಿತಿಂಡಿಗಳ ನಾಡು ಕಾಣುವ ಕಥೆಯ ನೃತ್ಯನಾಟಕ ಅದು. ಮುಗಿಸಿ ಹೊರಬರುವವರ ಬಾಯಲ್ಲಿ ಒಂದೇ ಮಾತು: “ಮಕ್ಕಳು ಎಷ್ಟು ಮುದ್ದಾಗಿದ್ದರು!” ದಶಮಂಟಪದ, ಅಂದರೆ ದಸರೆಗೆ ಪುರಾಣದ ಕಥೆಯನ್ನು ಚಲಿಸುವ ಕಲಾಕೃತಿಗಳಲ್ಲಿ ತೋರಿಸುವ ಮೆರವಣಿಗೆಯ ಊರಾದ ಮಡಿಕೇರಿಯವರ ಕಿವಿಗೆ ಇದು ಅಭಿಪ್ರಾಯವೇ ಅಲ್ಲ. ವಿಜಯದಶಮಿಯ ರಾತ್ರಿ ಚಳಿಯಲ್ಲಿ ರಸ್ತೆಬದಿಗೆ ನಿಂತವರು ಹತ್ತು ದೇವಸ್ಥಾನಗಳ ಹತ್ತು ಮಂಟಪಕ್ಕೂ ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. “ಡೈಲಾಗ್ ಮುಗಿದ ಮೇಲೆ ಅಸುರನ ಕೈ ಎದ್ದಿತು”, “ಹೊಗೆ ಜಾಸ್ತಿಯಾಗಿ ದೇವಿಯ ಮುಖವೇ ಕಾಣಲಿಲ್ಲ.” ತಪ್ಪು ಎಲ್ಲಿ ಅಂತ ಹೇಳುವ ಮಾತು ಇದು.

ನಟ್‌ಕ್ರ್ಯಾಕರ್‌ನಲ್ಲೂ ಹಾಗೆ ನೋಡಲು ಬೇಕಾದಷ್ಟಿದೆ. ಮೊದಲು ಸಂಗೀತ. ವಾದ್ಯವೃಂದ ಕರೆಸಲು ದುಡ್ಡು ಸಾಲದ ತಂಡಗಳು ಚೈಕಾವ್‌ಸ್ಕಿಯ ಸಂಗೀತವನ್ನು ರೆಕಾರ್ಡ್ ಹಾಕಿ ನಡೆಸುತ್ತವೆ. ರೆಕಾರ್ಡ್ ಯಾರಿಗೂ ಕಾಯುವುದಿಲ್ಲ. ಎರಡನೇ ಅಂಕದ ಜೋಡಿ ನೃತ್ಯದಲ್ಲಿ ನರ್ತಕಿಯನ್ನು ಮೇಲೆತ್ತುವುದು ಅರೆಕ್ಷಣ ತಡವಾದರೂ ಮುಂದಿನ ಹೆಜ್ಜೆಗಳನ್ನು ಓಡಿ ಹಿಡಿಯಬೇಕು. ಕಾಲ್ಬೆರಳ ತುದಿಯ ಮೇಲಿನ ನಿಲುವು ಪೂರ್ತಿಯಾಗುವ ಮೊದಲೇ ಮುರಿಯುತ್ತದೆ. ಕಂಡಕ್ಟರ್ (ಬಸ್ಸಿನವರಲ್ಲ, ವಾದ್ಯವೃಂದ ನಡೆಸುವವರು) ಎದುರಿಗಿದ್ದರೆ ನರ್ತಕಿಯನ್ನು ನೋಡಿಕೊಂಡು ಲಯವನ್ನು ಒಂದಿಷ್ಟು ಹಿಡಿದಿಡುತ್ತಾರೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಊರಿನ ಬಯಲಾದ ಮಂದ್‌ನಲ್ಲಿ ಕೊಂಬು-ಕೊಟ್ಟು-ವಾಲಗದ ವಾದ್ಯದವರು ಪಕ್ಕದಲ್ಲೇ ಇರುತ್ತಾರೆ, ಕೋಲಿನ ಪೆಟ್ಟು ಅವರ ತಾಳಕ್ಕೆ ಕೂಡಿ ಬೀಳುತ್ತದೆ.

ಆಮೇಲೆ ಹಿಮ. ಮೊದಲ ಅಂಕದ ಕೊನೆಗೆ ಮೇಲಿನಿಂದ ಬೀಳುವುದು ಬೆಂಕಿ ಹಿಡಿಯದ ಹಾಗೆ ಮಾಡಿದ ಕಾಗದದ ಚೂರು. ಕಾಲಡಿ ಸಿಕ್ಕರೆ ಜಾರುತ್ತದೆ. ಖರ್ಚು ಉಳಿಸಲು ಗುಡಿಸಿ ಮತ್ತೆ ತುಂಬಿಸಿದರೆ ಅದರ ಜೊತೆ ಧೂಳು, ಹೇರ್‌ಪಿನ್ನು ಕೂಡ ತಲೆಯ ಮೇಲೆ ಬೀಳುತ್ತವೆ. ಆ ದೃಶ್ಯದಲ್ಲಿ ನರ್ತಕಿಯರು ಹೆಜ್ಜೆ ಚಿಕ್ಕದು ಮಾಡಿಕೊಂಡರೆ ಅದು ಸೋಮಾರಿತನವೆಂದುಕೊಳ್ಳಬೇಡಿ. ಬೆಳೆಯುವ ಕ್ರಿಸ್‌ಮಸ್ ಮರ ನಮ್ಮ ಮಂಟಪದ ಕಲಾಕೃತಿಯ ದಾಯಾದಿಯೇ ಸರಿ: ಮಡಿಸಿಟ್ಟ ಬಟ್ಟೆ ಹಗ್ಗದಲ್ಲಿ ಮೇಲೇಳುತ್ತದೆ, ಒಂದು ಪಕ್ಕ ಸಿಕ್ಕಿಕೊಂಡರೆ ಸೊಟ್ಟಗೆ ನಿಲ್ಲುತ್ತದೆ. ಮಡಿಕೇರಿಯಲ್ಲಾದರೆ ಅದಕ್ಕೆ ಸಿಳ್ಳೆ ಬೀಳುತ್ತಿತ್ತು. ಇಲ್ಲಿ ಅಮೆರಿಕದಲ್ಲಿ ಚಪ್ಪಾಳೆ.

ಇಲ್ಲಿಯವರ ಬಾಯಿ ಕಟ್ಟಲು ಕಾರಣವೂ ಇದೆ. ವೇದಿಕೆ ತುಂಬ ಇಲಿಗಳು, ಸೈನಿಕರು, ಪಾರ್ಟಿಯ ಮಕ್ಕಳು. ಎಲ್ಲ ಊರಿನ ನೃತ್ಯಶಾಲೆಯವರೇ. ಕುರ್ಚಿಯಲ್ಲಿ ಕೂತವರು ಅವರ ಅಪ್ಪ, ಅಮ್ಮ, ಅಜ್ಜಿ. ಸಿಹಿತಿಂಡಿಗಳ ನಾಡಿನ ಯಕ್ಷಿಣಿ ಶುಗರ್ ಪ್ಲಮ್ ಪಾತ್ರಕ್ಕೆ ಮಾತ್ರ ಎಷ್ಟೋ ಕಡೆ ಹೊರಗಿನಿಂದ ವೃತ್ತಿಪರರನ್ನು ಕರೆಸುತ್ತಾರೆ, ಅವರ ಕುಣಿತವನ್ನಾದರೂ ಬಿಗಿಯಾಗಿ ಅಳೆಯಬಹುದಲ್ಲ! ಟಿಕೆಟ್ಟಿನ ದುಡ್ಡಲ್ಲಿ ತಂಡದ ವರ್ಷದ ಖರ್ಚಿನ ದೊಡ್ಡ ಪಾಲು ಸಾಗುವುದರಿಂದ ಕೊಂಕು ತೆಗೆಯಲು ಜನ ಹಿಂಜರಿಯುತ್ತಾರೆ.

ನಮ್ಮವರ ತೀರ್ಪೇನೂ ಅಪ್ಪಟವಲ್ಲ. ತಮ್ಮ ಮಂಟಪಕ್ಕೆ ಬಹುಮಾನ ತಪ್ಪಿತೋ, ತೀರ್ಪುಗಾರರಿಗೆ ಕಣ್ಣೇ ಇಲ್ಲ! ಎದೆ ನಡುಗಿಸುವ ಸೌಂಡನ್ನೇ ಕಲೆ ಅಂದುಕೊಳ್ಳುವವರೂ ಕಡಿಮೆಯಿಲ್ಲ.

ಹಾಗಂತ ಬ್ಯಾಲೆ ಪ್ರೇಕ್ಷಕರು ಯಾವಾಗಲೂ ಸುಮ್ಮನಿರುತ್ತಾರೆಂದಲ್ಲ. ಎರಡನೇ ಅಂಕದ ‘ಚೀನೀ’ ಕುಣಿತದಲ್ಲಿ ತೋರುಬೆರಳೆತ್ತಿ ತಲೆ ಆಡಿಸುವುದು ಅಣಕದಂತಿದೆ ಎಂಬ ಆಕ್ಷೇಪ ಬಂದಾಗ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡ 2017ರಲ್ಲಿ ಅದನ್ನು ತಿದ್ದಿತು. ನೃತ್ಯಸಂಯೋಜಕ ಬ್ಯಾಲನ್‌ಶೀನ್ 1954ರಲ್ಲಿ ಕಟ್ಟಿದ ಪ್ರಯೋಗ ಅದು. ಆಕ್ಷೇಪಿಸಿದವರು ಬೆರಳು, ಮೀಸೆ, ಟೋಪಿ ಎಂದು ಒಂದೊಂದನ್ನೂ ಹೆಸರಿಸಿಯೇ ಹೇಳಿದ್ದರು.