ಸ್ಪಷ್ಟನೆ: 129 ಸರಿ, ಕಿಲೋಮೀಟರ್ ತಪ್ಪು

‘ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಬರೀ 129 ಕಿ.ಮೀ., ಹದಿನೈದೇ ನಿಮಿಷ. ಬೆಣ್ಣೆದೋಸೆ ತಟ್ಟೆಗೆ ಬೀಳುವಷ್ಟರಲ್ಲಿ ದೇವನಹಳ್ಳಿ!’ ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದೋಸೆಯ ಹೋಲಿಕೆ ಚೆನ್ನಾಗಿದೆ, ಲೆಕ್ಕ ಕೆಟ್ಟಿದೆ. 129 ಎಂಬುದು ವಿಮಾನ, ಹಡಗುಗಳ ದೂರ ಅಳೆಯುವ ನಾಟಿಕಲ್ ಮೈಲಿ. ಅಂಥ ಒಂದು ಮೈಲಿಗೆ 1.852 ಕಿ.ಮೀ.; ಗುಣಿಸಿದರೆ ಸುಮಾರು 239. ಅದೂ ನಕ್ಷೆಯ ಮೇಲೆ ದಾರ ಎಳೆದ ನೇರ ದೂರ. ಈ ಹಾದಿಯಲ್ಲಿ ಹಾರಿದ ಎಟಿಆರ್ ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಿ ಸುಮಾರು ಒಂದು ಗಂಟೆ. ಅದಕ್ಕೂ ಮೊದಲು ನಮ್ಮೂರಿನವರು ಹೊನ್ನಾಳಿ ದಾಟಿ ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆ ತಲುಪಲು ಕಾರಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಬೇಕು. ಅಷ್ಟು ಹೊತ್ತಿಗೆ ದಾವಣಗೆರೆಯಿಂದ ಬೆಂಗಳೂರಿಗೆ ಹೊರಟ ಹೆದ್ದಾರಿಯ ಬಸ್ ಹಿರಿಯೂರಿನಲ್ಲಿರುತ್ತದೆ.